ದಾವಣಗೆರೆ ಮಂಡಿಯ ಕಪ್ಪು ಗಡಿಯಾರ: ಯಾವ ದೇಶದ್ದು, ಎಷ್ಟು ಬೆಲೆ?

ಚೌಕಿಪೇಟೆ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ಚೌಕಿಪೇಟೆ. ಅಜ್ಜನ ಕಾಲದಲ್ಲಿ ಹತ್ತಿ ದಲಾಲಿ ಮಂಡಿ ಇತ್ತು. ಗಾದಿ ಪಕ್ಕದ ಕಪಾಟಿನ ಮೇಲೆ ಒಂದು ಕಪ್ಪು ಗಡಿಯಾರ ಕೂತಿರುತ್ತಿತ್ತು. ಈಗ ಮನೆಯಲ್ಲಿ ಪಾಲು ನಡೆಯುತ್ತಿದೆ. ಗಡಿಯಾರಕ್ಕೆ ಏನು ಬೆಲೆ ಕಟ್ಟಬೇಕು ಅನ್ನೋದೇ ತಿಳಿಯುತ್ತಿಲ್ಲ.

ಎತ್ತರ ಸುಮಾರು ಒಂದು ಅಡಿ. ವಿಪರೀತ ಭಾರ. ಎರಡೂ ಕಡೆ ಚಿಕ್ಕ ಕಂಬಗಳಿವೆ. ಬಿಳಿ ಡಯಲ್, ರೋಮನ್ ಅಂಕಿ. ಡಯಲ್ ಮೇಲೆ ಇಂಗ್ಲಿಷಿನಲ್ಲಿ ‘ಪಿ. ಓರ್ ಅಂಡ್ ಸನ್ಸ್, ಮದ್ರಾಸ್’ ಅಂತ ಇದೆ. ಕೀ ಕೊಡೋಕೆ ಎರಡು ತೂತು, ಹನ್ನೆರಡರ ಹತ್ತಿರ ಇನ್ನೊಂದು ಸಣ್ಣ ತೂತು. ಗಂಟೆಗೆ ಅಷ್ಟಷ್ಟು ಸಲ, ಅರ್ಧ ಗಂಟೆಗೆ ಒಂದು ಸಲ ಹೊಡೆಯುತ್ತೆ. ಓಡುತ್ತೆ, ಆದರೆ ದಿನಕ್ಕೆ ಸುಮಾರು ಹತ್ತು ನಿಮಿಷ ಹಿಂದೆ ಬೀಳುತ್ತೆ.

ಹಿಂದಿನ ಬಾಗಿಲು ತೆಗೆದರೆ ದುಂಡನೆಯ ಹಿತ್ತಾಳೆ ಮಷೀನು ಕಾಣುತ್ತೆ. ಅದರ ಮೇಲೆ ಒಂದು ದುಂಡು ಮುದ್ರೆ. ಅದರಲ್ಲಿ ‘ಜಾಪಿ ಫ್ರೇರ್’ ಅನ್ನೋ ಹೆಸರು, 1855 ಅಂತ ಇಸವಿ. ಅಂದರೆ 1855ರಲ್ಲಿ ಮದ್ರಾಸಿನಲ್ಲಿ ಮಾಡಿದ್ದಾ? ಒಬ್ಬ ಗುಜರಿಯವರು 4,000 ಕೊಡ್ತೀನಿ ಅಂದರು. ಫೋಟೋ ನೋಡಿದ ಇನ್ನೊಬ್ಬರು ಮೂರು ಲಕ್ಷ ಬರುತ್ತೆ ಅಂದರು. ಯಾರನ್ನ ನಂಬೋದು? ನಮ್ಮ ಚಿಕ್ಕಪ್ಪನಿಗೆ ಮಾರಿ ದುಡ್ಡು ಹಂಚಿಕೊಳ್ಳೋಣ ಅಂತ ಇದೆ. ನನಗೆ ಉಳಿಸಿಕೊಳ್ಳೋ ಆಸೆ.

ವಿದ್ಯಾನಗರದ ಗಡಿಯಾರದವನು

ನಮಸ್ಕಾರ ತಮ್ಮಾ. ಇಷ್ಟು ವಿವರವಾಗಿ ಬರೆದಿದ್ದಕ್ಕೆ ಖುಷಿಯಾಯಿತು. ಎಷ್ಟೋ ಜನ ಡಯಲ್ ಫೋಟೋ ಒಂದೇ ಹಾಕಿ ಬೆಲೆ ಕೇಳ್ತಾರೆ. ಹಳೇ ಗಡಿಯಾರದ ಊರು ತಿಳಿಯೋದು ಡಯಲ್‌ನಿಂದ ಅಲ್ಲ, ಮಷೀನಿನ ಬೆನ್ನಿನಿಂದ.

ಡಯಲ್ ಮೇಲಿರೋದು ಮಾರಿದ ಅಂಗಡಿಯ ಹೆಸರು. ಪಿ. ಓರ್ ಅಂಡ್ ಸನ್ಸ್ ಮದ್ರಾಸಿನ ಮೌಂಟ್ ರೋಡಿನಲ್ಲಿದ್ದ ಪ್ರಸಿದ್ಧ ಗಡಿಯಾರ, ಆಭರಣದ ಅಂಗಡಿ. ದೊಡ್ಡ ಅಂಗಡಿಗಳು ಯುರೋಪಿನಿಂದ ಗಡಿಯಾರ ತರಿಸಿ ಡಯಲ್ ಮೇಲೆ ತಮ್ಮ ಹೆಸರು ಬರೆಸುತ್ತಿದ್ದವು. ಬೊಂಬಾಯಿಯ ವೆಸ್ಟ್ ಎಂಡ್, ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಹೆಸರು ಹೊತ್ತ ಗಡಿಯಾರಗಳೂ ಹೀಗೇ.

ಮಾಡಿದವರು ಜಾಪಿ ಸೋದರರು. ಫ್ರಾನ್ಸಿನ ಪೂರ್ವ ಗಡಿಯಲ್ಲಿ, ಸ್ವಿಟ್ಜರ್ಲೆಂಡ್ ಹತ್ತಿರ, ಬೋಕೂರ್ ಅನ್ನೋ ಊರಿದೆ. ಗಡಿಯಾರದ ಬಿಡಿಭಾಗಗಳನ್ನ ಕೈಯಲ್ಲಿ ಒಂದೊಂದಾಗಿ ಅರೆದು ಮಾಡುತ್ತಿದ್ದ ಕಾಲದಲ್ಲಿ, 18ನೇ ಶತಮಾನದ ಕೊನೆಗೆ, ಫ್ರೆಡರಿಕ್ ಜಾಪಿ ಅಲ್ಲಿ ಯಂತ್ರ ಇಟ್ಟು ಮಾಡಿಸೋಕೆ ಶುರು ಮಾಡಿದ. ಮುಂದೆ ಅವನ ಮಕ್ಕಳು, ಮೊಮ್ಮಕ್ಕಳು ಅದನ್ನ ದೊಡ್ಡ ಕಾರ್ಖಾನೆ ಮಾಡಿದರು. ಅವರ ದುಂಡು ಮಷೀನು ಗಟ್ಟಿ ಮಾಲು.

ಇನ್ನು 1855. ಅದು ನಿಮ್ಮ ಗಡಿಯಾರ ಮಾಡಿದ ಇಸವಿ ಅಲ್ಲ. ಆ ವರ್ಷ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಕಂಪನಿಗೆ ಗೌರವ ಪದಕ ಸಿಕ್ಕಿತು. ಆಮೇಲೆ ಎಷ್ಟೋ ವರ್ಷ ಆ ಪದಕದ ಇಸವಿಯನ್ನೇ ಮುದ್ರೆಯಲ್ಲಿ ಹಾಕುತ್ತಾ ಬಂದರು. ಮಾರುವವರು ಈ ಇಸವಿ ತೋರಿಸಿ ಬೆಲೆ ಏರಿಸೋದನ್ನ ನಾನು ಬಹಳ ನೋಡಿದ್ದೇನೆ. ದಯವಿಟ್ಟು ಯಾರೂ ಇದಕ್ಕೆ ಮರುಳಾಗಬೇಡಿ.

ನನಗೆ ಇಷ್ಟು ಹೇಳಿ. ಒಂದು, ಕೇಸು ಕಲ್ಲೋ, ಕಬ್ಬಿಣವೋ, ಮರವೋ? ಎರಡು, ಮಷೀನಿನ ಬೆನ್ನ ಮೇಲೆ, ಹೊರಗಡೆಗೆ ಕಾಣೋ ಹಾಗೆ, ಅಂಚಿನಲ್ಲಿ ಅಲ್ಲಲ್ಲಿ ಕಚ್ಚು ಇರೋ ಚಕ್ರ ಇದೆಯಾ? ಕಚ್ಚುಗಳ ನಡುವಿನ ಅಂತರ ಹೋಗ್ತಾ ಹೋಗ್ತಾ ಜಾಸ್ತಿ ಆಗಿರುತ್ತೆ. ಮೂರು, ಬೆನ್ನ ಮೇಲೆ ಬೇರೆ ಯಾವ ಅಂಕಿಗಳಿವೆ? ನಾಲ್ಕು, ಹನ್ನೆರಡರ ಹತ್ತಿರದ ಸಣ್ಣ ತೂತಿನ ಪಕ್ಕ ಯಾವ ಅಕ್ಷರಗಳಿವೆ?

ದುರ್ಗದ ಅಕ್ಕ

ಕಲ್ಲೋ ಮರವೋ ಹೇಗೆ ಗೊತ್ತಾಗುತ್ತೆ ಅಣ್ಣಾ? ಚಿತ್ರದುರ್ಗದಲ್ಲಿ ನಮ್ಮ ಅತ್ತೆ ಮನೆಯಲ್ಲೂ ಇಂಥದ್ದೇ ಕಪ್ಪು ಗಡಿಯಾರ ಇದೆ. ಹೊಳೆಯೋ ಕಂಬ, ಹಿತ್ತಾಳೆ ಪಾದ. ಎಲ್ಲರೂ ಅಮೃತಶಿಲೆ ಅಂತಲೇ ಹೇಳ್ತಾರೆ. ಆದರೆ ನಾನೊಬ್ಬಳೇ ಎತ್ತಿ ಇಡ್ತೀನಿ.

ವಿದ್ಯಾನಗರದ ಗಡಿಯಾರದವನು

ಒಬ್ಬರೇ ಸಲೀಸಾಗಿ ಎತ್ತಬಹುದು ಅಂದರೆ ನಿಮ್ಮದು ಮರ ಇರಬೇಕು ಅಕ್ಕಾ. ಮೊದಲು ಆಯಸ್ಕಾಂತ ಹಿಡಿದು ನೋಡಿ. ಕಚ್ಚಿಕೊಂಡರೆ ಎರಕದ ಕಬ್ಬಿಣಕ್ಕೆ ಕಪ್ಪು ಎನಾಮಲ್ ಹಚ್ಚಿದ್ದು. ಅಮೆರಿಕದ ಅನ್ಸೋನಿಯಾ ಕಂಪನಿ ಅಂಥವನ್ನ ಬಹಳ ಮಾಡಿತು. ಕಚ್ಚಿಕೊಳ್ಳದಿದ್ದರೆ ಬೆರಳ ಗೆಣ್ಣಿನಿಂದ ಮೆತ್ತಗೆ ತಟ್ಟಿ. ಮರ ಆದರೆ ಟೊಳ್ಳು ಸದ್ದು. ಕಲ್ಲು ಆದರೆ ಮಧ್ಯಾಹ್ನದ ಬಿಸಿಲಲ್ಲೂ ಕೈಗೆ ತಣ್ಣಗೆ ಇರುತ್ತೆ. ಹಿಂದಿನಿಂದ ಒಳಗೆ ಟಾರ್ಚ್ ಬಿಟ್ಟರೆ ಮೂಲೆಗಳಲ್ಲಿ ಬಿಳಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಾಣುತ್ತೆ. ಕಲ್ಲಿನ ಹಲಗೆಗಳನ್ನ ಅದರಿಂದಲೇ ಕೂಡಿಸಿರುತ್ತಾರೆ.

ಅಮೆರಿಕದ ಸೆತ್ ಥಾಮಸ್ ಕಂಪನಿ ಮರದ ಮೇಲೆ ಸೆಲ್ಯುಲಾಯ್ಡ್ ಹಾಳೆ ಅಂಟಿಸಿ ಕಲ್ಲಿನ ಹಾಗೆ ಕಾಣಿಸುತ್ತಿತ್ತು. ಅದಕ್ಕೆ ಅಡಮಂಟೈನ್ ಅಂತ ಹೆಸರು. ಕಂಬಗಳಿಗೆ ಹಸಿರು, ಕೆಂಪು ಬಣ್ಣದ ಗೆರೆ ಗೆರೆ ಹಾಳೆ ಇರುತ್ತೆ. ಗಡಿಯಾರ ಮಗುಚಿ ತಳ ನೋಡಿ. ಪೆಂಡುಲಂ ಬಿಚ್ಚಿಟ್ಟು ಆಮೇಲೆ ಮಗುಚಬೇಕು. ಅಲ್ಲಿ ಶಾಯಿಯಲ್ಲಿ ಒತ್ತಿದ ಅಂಕಿ ಇದ್ದರೆ ಇಲ್ಲಿ ಬರೆಯಿರಿ.

ಪಿ.ಬಿ. ರೋಡ್ ಗೆಳೆಯ

ಹಾಗಾದರೆ ಆ ಮೂರು ಲಕ್ಷ ಬರಲ್ವಾ ಸರ್? ಆನ್‌ಲೈನ್‌ನಲ್ಲಿ ಇಂಥದ್ದಕ್ಕೇ ಎರಡೂವರೆ ಲಕ್ಷ ಹಾಕಿರೋದನ್ನ ನಾನೇ ನೋಡಿದ್ದೇನೆ. ನೂರು ವರ್ಷ ಹಳೆಯದು ಅಂದ ಮೇಲೆ ಬೆಲೆ ಇರಬೇಕಲ್ವಾ?

ವಿದ್ಯಾನಗರದ ಗಡಿಯಾರದವನು

ಹಾಕಿರೋ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಯಾರು ಎಷ್ಟು ಬೇಕಾದರೂ ಹಾಕಬಹುದು. ಹರಾಜು ಮನೆಗಳ ತಾಣಗಳಲ್ಲಿ ಮುಗಿದ ಹರಾಜಿನ ಪಟ್ಟಿ ಇರುತ್ತೆ. ಅದನ್ನ ನೋಡಿ.

ಹಳೆಯದು ಅನ್ನೋ ಒಂದೇ ಕಾರಣಕ್ಕೆ ಬೆಲೆ ಬರಲ್ಲ. ಎಷ್ಟು ಅಪರೂಪ, ಎಷ್ಟು ಜನಕ್ಕೆ ಬೇಕು ಅನ್ನೋದರ ಮೇಲೆ ಬರುತ್ತೆ. ರಾಣಿ ವಿಕ್ಟೋರಿಯಾಳ ಗಂಡ ಪ್ರಿನ್ಸ್ ಆಲ್ಬರ್ಟ್ 1861ರಲ್ಲಿ ತೀರಿಕೊಂಡ. ಆಮೇಲೆ ಇಂಗ್ಲೆಂಡಿನಲ್ಲಿ ಕಪ್ಪು ಬಣ್ಣದ ಸಾಮಾನಿಗೆ ಬೇಡಿಕೆ ಬಂತು. ಫ್ರಾನ್ಸಿನವರು ರಾಶಿ ರಾಶಿ ಕಪ್ಪು ಕಲ್ಲಿನ ಗಡಿಯಾರ ಮಾಡಿ ಕಳಿಸಿದರು. ಅಲ್ಲಿ ಮನೆ ಮನೆಯಲ್ಲೂ ಬೆಂಕಿಗೂಡಿನ ಮೇಲೆ ಕಲ್ಲಿನ ಹಲಗೆ ಇರುತ್ತಿತ್ತು, ಇಷ್ಟು ಭಾರ ತಡೆಯುತ್ತಿತ್ತು. ಈಗಿನ ಮನೆಗಳಲ್ಲಿ ಅದಿಲ್ಲ. ಹಾಗಾಗಿ ಬ್ರಿಟನ್ನಿನ ಹರಾಜುಗಳಲ್ಲಿ ಸಾದಾ ಕಪ್ಪು ಗಡಿಯಾರ ಸಾಮಾನ್ಯವಾಗಿ ನೂರು ಪೌಂಡಿನ ಆಚೀಚೆಗೆ ಹೋಗುತ್ತೆ.

ಆದರೆ ಡಯಲ್ ಮಧ್ಯೆಯೇ ಓಡೋ ಹಲ್ಲುಚಕ್ರ ಕಾಣೋ ಹಾಗಿದ್ದರೆ, ತಿಂಗಳು, ತಾರೀಕು, ಚಂದ್ರನ ಕಲೆ ತೋರಿಸೋ ಎರಡನೇ ಡಯಲ್ ಇದ್ದರೆ, ಅಕ್ಕಪಕ್ಕ ಇಡೋ ಜೋಡಿ ಹೂದಾನಿಗಳೂ ಜೊತೆಗೆ ಉಳಿದಿದ್ದರೆ ಲೆಕ್ಕವೇ ಬೇರೆ.

ಚೌಕಿಪೇಟೆ ಮೊಮ್ಮಗ

ಅಣ್ಣಾ, ನೀವು ಕೇಳಿದ್ದಕ್ಕೆ ಉತ್ತರ. ಆಯಸ್ಕಾಂತ ಹಿಡಿಯಲಿಲ್ಲ. ಮುಟ್ಟಿದರೆ ತಣ್ಣಗಿದೆ. ಒಳಗೆ ಮೂಲೆಗಳಲ್ಲಿ ಬಿಳಿ ಪ್ಲಾಸ್ಟರ್ ಇದೆ. ನೋಡೋಕೆ ನಮ್ಮ ಕಡೆ ನೆಲಕ್ಕೆ ಹಾಕೋ ಕಡಪ ಕಲ್ಲಿನ ಹಾಗೇ ಇದೆ. ಬೆನ್ನ ಮೇಲೆ ಕಚ್ಚಿನ ಚಕ್ರ ಇಲ್ಲ. ಅಂಕಿಗಳು: 8214 ಅಂತ ಒಂದು ಕಡೆ. ಕೆಳಗೆ 5, ಸ್ವಲ್ಪ ಜಾಗ ಬಿಟ್ಟು 4. ಸಣ್ಣ ತೂತಿನ ಎಡಕ್ಕೆ ಎಸ್, ಬಲಕ್ಕೆ ಎಫ್. ಯಾವ ದೇಶದಲ್ಲಿ ಮಾಡಿದ್ದು ಅಂತ ಎಲ್ಲೂ ಬರೆದಿಲ್ಲ.

ವಿದ್ಯಾನಗರದ ಗಡಿಯಾರದವನು

ಬಹಳ ಒಳ್ಳೆಯದು. ಈಗ ಚಿತ್ರ ಸ್ಪಷ್ಟವಾಯಿತು.

ಕಚ್ಚಿನ ಚಕ್ರ ಗಂಟೆ ಎಣಿಸೋ ಹಳೇ ಪದ್ಧತಿ. ಅದಿದ್ದರೆ ಗಡಿಯಾರ ಎಷ್ಟು ಗಂಟೆ ತೋರಿಸುತ್ತಿದೆ ಅನ್ನೋದು ಹೊಡೆಯೋ ಭಾಗಕ್ಕೆ ಗೊತ್ತಿರಲ್ಲ. ಮೂರಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಐದು, ಅಷ್ಟೇ. ಮುಳ್ಳನ್ನ ಬೇಗ ಬೇಗ ತಿರುಗಿಸಿದರೆ ತಾಳ ತಪ್ಪುತ್ತೆ. ನಿಮ್ಮದರಲ್ಲಿ ಅದಿಲ್ಲ. ಅಂದರೆ ಡಯಲ್ ಹಿಂದೆ ಹಲ್ಲಿನ ಪಟ್ಟಿ ಇದೆ. ಅದು ಗಂಟೆ ಮುಳ್ಳಿನ ಜಾಗ ನೋಡಿಕೊಂಡೇ ಹೊಡೆಯುತ್ತೆ. ಫ್ರೆಂಚ್ ಮೇಜು ಗಡಿಯಾರಗಳಲ್ಲಿ ಈ ಪಟ್ಟಿ ಹೆಚ್ಚಾಗಿ ಬಂದದ್ದು 1880ರ ಆಸುಪಾಸಿನಿಂದ. ಹಾಗಾಗಿ ನಿಮ್ಮದು 1855ರದ್ದು ಆಗಿರೋ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬಹುದು.

ಇನ್ನು ದೇಶದ ಹೆಸರು. ಬ್ರಿಟನ್ನಿನಲ್ಲಿ 1887ರಲ್ಲಿ, ಭಾರತದಲ್ಲಿ 1889ರಲ್ಲಿ ಸರಕಿನ ಗುರುತಿನ ಕಾಯ್ದೆ ಬಂತು. ಅಮೆರಿಕ 1890ರಲ್ಲಿ ಆಮದು ಮಾಲಿನ ಮೇಲೆ ದೇಶದ ಹೆಸರು ಇರಬೇಕು ಅಂತ ಮಾಡಿತು. ‘ಮೇಡ್ ಇನ್ ಜರ್ಮನಿ’ ಮುದ್ರೆಗಳು ಹೆಚ್ಚಾಗಿದ್ದು ಆಗಲೇ. ನಿಮ್ಮದರಲ್ಲಿ ದೇಶದ ಹೆಸರಿಲ್ಲ, ಅಂದರೆ ಅದಕ್ಕೂ ಮುಂಚಿನದು ಇರಬಹುದು. ಇದೊಂದೇ ಸಾಕ್ಷಿ ಸಾಲದು, ಏಕೆಂದರೆ ಎಲ್ಲರೂ ತಪ್ಪದೆ ಹಾಕುತ್ತಿರಲಿಲ್ಲ. ಎಲ್ಲ ಸೇರಿಸಿ ನೋಡಿದರೆ ನನ್ನ ಅಂದಾಜು 1880ರಿಂದ 1900ರ ಒಳಗೆ.

ಎಸ್, ಎಫ್ ಅಂದರೆ ಸ್ಲೋ, ಫಾಸ್ಟ್. ಫ್ರಾನ್ಸಿನ ಜನಕ್ಕೆ ಮಾಡಿದ್ದರೆ ಆರ್, ಎ ಅಂತ ಇರುತ್ತಿತ್ತು. ಇಂಗ್ಲಿಷ್ ಬಲ್ಲವರ ಪೇಟೆಗಂತಲೇ ಮಾಡಿದ ಡಯಲ್ ಇದು. ಪಿ. ಓರ್ ಹೆಸರಿಗೆ ಸರಿಯಾಗಿ ಹೊಂದುತ್ತೆ. ಆ ತೂತಿಗೆ ಕೀಯ ಸಣ್ಣ ತುದಿ ಹಾಕಿ ಎಫ್ ಕಡೆ ತಿರುಗಿಸಿದರೆ ಪೆಂಡುಲಂ ನೇತಾಡೋ ಸ್ಪ್ರಿಂಗ್ ಗಿಡ್ಡವಾಗುತ್ತೆ, ಗಡಿಯಾರ ಜೋರಾಗಿ ಓಡುತ್ತೆ. ಬ್ರೋಕೋ ಅನ್ನೋ ಪ್ಯಾರಿಸ್ ಗಡಿಯಾರದವರ ಏರ್ಪಾಡು ಅದು.

ಮದ್ರಾಸಿನಿಂದ ದಾವಣಗೆರೆಗೆ ಹೇಗೆ ಬಂತು ಅಂತ ಕೇಳೋದೇ ಬೇಡ. 19ನೇ ಶತಮಾನ ಮುಗಿಯೋ ಮುಂಚೆಯೇ ನಮ್ಮೂರಿಗೆ ರೈಲು ಬಂದಿತ್ತು. ಹತ್ತಿ ವ್ಯಾಪಾರಿಗಳು ಎಲ್ಲಿಗೆ ಬೇಕಾದರೂ ಹೋಗಿ ಬರುತ್ತಿದ್ದರು. ಅಜ್ಜನ ಹಳೇ ಲೆಕ್ಕದ ಪುಸ್ತಕ, ರಸೀದಿ ಏನಾದರೂ ಇದ್ದರೆ ಹುಡುಕಿ. ಗಡಿಯಾರ ಕೊಂಡ ಚೀಟಿ ಸಿಕ್ಕರೆ ಅದು ಗಡಿಯಾರದಷ್ಟೇ ಮುಖ್ಯ.

ಹೊಳಲ್ಕೆರೆ ಮೇಷ್ಟ್ರು

ಆ 5, 4 ಏನು ಸರ್? ನನಗೆ ಕುತೂಹಲ.

ವಿದ್ಯಾನಗರದ ಗಡಿಯಾರದವನು

ಪೆಂಡುಲಂ ಎಷ್ಟು ಉದ್ದ ಇರಬೇಕು ಅನ್ನೋ ಲೆಕ್ಕ ಮೇಷ್ಟ್ರೇ. ಹಳೇ ಫ್ರೆಂಚ್ ಅಳತೆಯಲ್ಲಿ 5 ಪೂಸ್, 4 ಲೀನ್. ಒಂದು ಪೂಸ್ ಅಂದರೆ ಸುಮಾರು 27 ಮಿ.ಮೀ. ಅದರ ಹನ್ನೆರಡನೇ ಒಂದು ಭಾಗ ಲೀನ್. ಫ್ರಾನ್ಸ್ ಮೀಟರಿಗೆ ಬದಲಾಗಿ ಎಷ್ಟೋ ಕಾಲ ಆದರೂ ಗಡಿಯಾರದವರು ಹಳೇ ಅಳತೆ ಬಿಡಲಿಲ್ಲ.

ಒಂದು ಮುಖ್ಯ ಮಾತು. ಪೆಂಡುಲಂ ಗುಂಡಿನ ಹಿಂಬದಿ ನೋಡಿ ತಮ್ಮಾ. ಅಲ್ಲೂ 8214 ಇದ್ದರೆ ಮಷೀನು, ಪೆಂಡುಲಂ ಹುಟ್ಟಿನಿಂದ ಜೊತೆಗಿದ್ದವು ಅಂತ ಅರ್ಥ.

ಹೊಳಲ್ಕೆರೆ ಮೇಷ್ಟ್ರು

ಹಾಗಾದರೆ ಉದ್ದ ಸುಮಾರು 144 ಮಿ.ಮೀ. ಆಯಿತು. ಇಲ್ಲಿ ಭೌತಶಾಸ್ತ್ರ ಕೆಲಸಕ್ಕೆ ಬರುತ್ತೆ. ದಿನಕ್ಕೆ 1,440 ನಿಮಿಷ. ಹತ್ತು ನಿಮಿಷ ಹಿಂದೆ ಬೀಳುತ್ತೆ ಅಂದರೆ ನೂರಕ್ಕೆ 0.7 ನಿಧಾನ. ಪೆಂಡುಲಂ ಒಮ್ಮೆ ಹೋಗಿ ಬರೋ ಕಾಲ ಉದ್ದದ ವರ್ಗಮೂಲಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಹಾಗಾಗಿ ಉದ್ದದಲ್ಲಿ ಅದರ ಎರಡರಷ್ಟು, ಅಂದರೆ ನೂರಕ್ಕೆ 1.4 ವ್ಯತ್ಯಾಸ ಇರಬೇಕು. 144ರಲ್ಲಿ ಅದು 2 ಮಿ.ಮೀ. ನಿಮ್ಮ ಪೆಂಡುಲಂ ಎರಡು ಮಿಲಿಮೀಟರ್ ಉದ್ದ ಜಾಸ್ತಿ ಇದೆಯಾ ಅಂತ ಅಳೆದು ನೋಡಿ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅನ್ನೋದರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಆದರೂ ನೋಡಿ.

ದುರ್ಗದ ಅಕ್ಕ

ಅಣ್ಣಾ, ನಮ್ಮದು ಮರವೇ! ತಟ್ಟಿದರೆ ಟೊಳ್ಳು. ಕಂಬದ ಹಾಳೆ ಒಂದು ಕಡೆ ಎದ್ದಿದೆ. ತಳದಲ್ಲಿ 4091 ಅಂತ, ಪಕ್ಕದಲ್ಲಿ ಇಂಗ್ಲಿಷ್ ಇ ಅಕ್ಷರ. ಮಾಡಲ್ ನಂಬರಾ?

ವಿದ್ಯಾನಗರದ ಗಡಿಯಾರದವನು

ಹಿಂದಿನಿಂದ ಓದಿ ಅಕ್ಕಾ. 1904. ಇ ಅಂದರೆ ಐದನೇ ಅಕ್ಷರ, ಮೇ ತಿಂಗಳು. ಸೆತ್ ಥಾಮಸ್ ಕಂಪನಿಯವರು ಇಸವಿಯನ್ನ ತಿರುವಿ ಬರೆದು ತಿಂಗಳಿಗೆ ಅಕ್ಷರ ಹಾಕುತ್ತಿದ್ದರು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮಾಡಿದ್ದು. ಇಷ್ಟು ಕರಾರುವಾಕ್ಕಾಗಿ ಹುಟ್ಟಿದ ತಿಂಗಳು ಹೇಳೋ ಹಳೇ ಗಡಿಯಾರಗಳು ಕಡಿಮೆ. ಎದ್ದಿರೋ ಹಾಳೆ ಕೀಳಬೇಡಿ. ದೀಪ, ಊದುಬತ್ತಿ ಹತ್ತಿರ ಇಡಲೇಬೇಡಿ, ಸೆಲ್ಯುಲಾಯ್ಡ್ ಬೇಗ ಬೆಂಕಿ ಹಿಡಿಯುತ್ತೆ.

ದುರ್ಗದ ಅಕ್ಕ

ಅಯ್ಯೋ, ದೇವರ ಗೂಡಿನ ಪಕ್ಕದಲ್ಲೇ ಇತ್ತು. ಈಗಲೇ ಎತ್ತಿ ಪಡಸಾಲೆಗೆ ತಂದೆ. ತುಂಬಾ ಥ್ಯಾಂಕ್ಸ್ ಅಣ್ಣಾ.

ಚೌಕಿಪೇಟೆ ಮೊಮ್ಮಗ

ನಮ್ಮೂರಲ್ಲೇ ಒಬ್ಬ ವಾಚ್ ರಿಪೇರಿಯವರು, ‘ಹಳೇ ಮಷೀನು ತೆಗೆದು ಸೆಲ್ ಮಷೀನು ಹಾಕಿಸಿ, ತಾಪತ್ರಯ ಇರಲ್ಲ’ ಅಂದರು. ಅಮ್ಮನೂ ಹುಣಸೆಹಣ್ಣು ಹಾಕಿ ಉಜ್ಜಿದರೆ ಹಿತ್ತಾಳೆ ಹೊಳೆಯುತ್ತೆ ಅಂತಿದ್ದಾರೆ. ಏನಂತೀರಿ?

ಹರಿಹರ ಲೇತ್

ಎರಡೂ ಬೇಡ್ರೀ! ಕೈಮುಗಿದು ಕೇಳ್ತೀನಿ. ನಾನು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ಕೆಲಸ ಮಾಡಿದವನು. ಈಗ ಮನೆಯಲ್ಲೇ ಗಡಿಯಾರದ ಸವೆದ ತೂತುಗಳಿಗೆ ಬುಷ್, ಅಂದರೆ ಸಣ್ಣ ಹಿತ್ತಾಳೆ ಬಳೆ, ಹಾಕಿಕೊಡ್ತೀನಿ. ಸೆಲ್ ಮಷೀನಿಗೆ ಡಯಲ್ ಮಧ್ಯದ ತೂತು ದೊಡ್ಡದು ಮಾಡಬೇಕು. ಎನಾಮಲ್ ಡಯಲ್ ಚಟ್ ಅಂತ ಬಿರಿಯುತ್ತೆ. ಮತ್ತೆ ಸರಿ ಆಗಲ್ಲ. ಬಿಚ್ಚಿದ ಹಳೇ ಮಷೀನು ತೂಕಕ್ಕೆ ಹೋಗುತ್ತೆ. ನೂರು ವರ್ಷಕ್ಕೂ ಹೆಚ್ಚು ಓಡಿದ ಮಷೀನನ್ನ ಹಿತ್ತಾಳೆ ಬೆಲೆಗೆ ಹಾಕೋದು ನೋಡಿದರೆ ಹೊಟ್ಟೆ ಉರಿಯುತ್ತೆ ರೀ.

ಹುಣಸೆಹಣ್ಣಿನ ವಿಷಯ. ಈ ಕರಿಕಲ್ಲು ಸುಣ್ಣಕಲ್ಲಿನ ಜಾತಿ. ಹುಳಿ ತಾಗಿದರೆ ಹೊಳಪು ಹೋಗಿ ಬೂದಿ ಕಲೆ ಉಳಿಯುತ್ತೆ. ನಿಂಬೆಹಣ್ಣೂ ಬೇಡ. ನೀರು ಸುರಿದು ತೊಳೆದರೆ ಒಳಗಿನ ಪ್ಲಾಸ್ಟರ್ ಸಡಿಲ ಆಗುತ್ತೆ. ಒಣ ಬಟ್ಟೆಯಲ್ಲಿ ಒರೆಸಿ, ಕಪ್ಪು ಮೇಣದ ಪಾಲಿಶ್ ತೆಳುವಾಗಿ ಹಚ್ಚಿ. ಸಾಕು.

ಕೊಬ್ಬರಿ ಎಣ್ಣೆ ಬಿಡೋರೂ ಇದ್ದಾರೆ. ಅದು ಅಂಟಾಗಿ ಧೂಳು ಹಿಡಿದು ತೂತನ್ನ ಅರೆಯುತ್ತೆ. ಗಡಿಯಾರದ ಎಣ್ಣೆಯನ್ನ ಅಚ್ಚಿನ ತುದಿ ಕೂರೋ ತೂತಿಗೆ ಮಾತ್ರ, ಸೂಜಿ ಮೊನೆಯಷ್ಟು ಬಿಡಬೇಕು. ಹಲ್ಲುಗಳಿಗೆ ಎಣ್ಣೆ ಬೇಡ. ಇನ್ನೊಂದು, ‘ಕೀ ಜಾಸ್ತಿ ಕೊಟ್ಟು ನಿಂತುಹೋಯಿತು’ ಅಂತಾರಲ್ಲ, ಅದು ಸುಮ್ನೆ ಮಾತು. ಪೂರ್ತಿ ಕೀ ಇದ್ದೂ ನಿಂತಿದೆ ಅಂದರೆ ಎಣ್ಣೆ ಒಣಗಿದೆ ಅಥವಾ ತೂತು ಸವೆದಿದೆ.

ಪಿ.ಬಿ. ರೋಡ್ ಗೆಳೆಯ

ಹೊರದೇಶದವರಿಗೆ ಮಾರಿದರೆ ಜಾಸ್ತಿ ಸಿಗಬಹುದಲ್ವಾ ಸರ್?

ವಿದ್ಯಾನಗರದ ಗಡಿಯಾರದವನು

ಅದಕ್ಕೆ ಕೈ ಹಾಕಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲೆ, ಕರಕುಶಲದ ವಸ್ತುಗಳು ಪುರಾತನ ವಸ್ತು ಅನ್ನಿಸಿಕೊಳ್ಳುತ್ತವೆ. ಅಂಥವನ್ನ ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರನ್ನ ಕೇಳದೆ ಪಾರ್ಸೆಲ್ ಮಾಡಬಾರದು. ಅಲ್ಲಿ ನೂರು ಪೌಂಡಿಗೆ ಸಿಗೋ ಗಡಿಯಾರವನ್ನ ಅಷ್ಟು ಭಾರ ಹೊತ್ತು ಇಲ್ಲಿಂದ ತರಿಸೋರಾದರೂ ಯಾರು?

ಇಲ್ಲಿ ಬೆಲೆ ಹೇಳಲೇಬೇಕು ಅಂದರೆ, ಮಷೀನು ಮೂಲದ್ದು, ಡಯಲ್ ಬಿರುಕಿಲ್ಲ, ಪಿ. ಓರ್ ಹೆಸರು ಅಳಿಸಿಲ್ಲ ಅಂದುಕೊಂಡು ನನ್ನ ಅಂದಾಜು 15,000ದಿಂದ 25,000. ಆ ಹೆಸರಿಗೆ ನಮ್ಮ ದಕ್ಷಿಣದ ಸಂಗ್ರಹಕಾರರು ಸ್ವಲ್ಪ ಜಾಸ್ತಿ ಕೊಡ್ತಾರೆ. 4,000ಕ್ಕೆ ಕೊಡಬೇಡಿ. ಲಕ್ಷದ ಆಸೆಯನ್ನೂ ಇಟ್ಟುಕೊಳ್ಳಬೇಡಿ.

ಚೌಕಿಪೇಟೆ ಮೊಮ್ಮಗ

ಪೆಂಡುಲಂ ನೋಡಿದೆ. ಗುಂಡಿನ ಹಿಂದೆ 3367 ಅಂತ ಇದೆ. ಅಂದರೆ ಬೇರೆ ಗಡಿಯಾರದ್ದು. ಅಳೆದರೆ ಸರಿಯಾಗಿ 146 ಮಿ.ಮೀ. ಮೇಷ್ಟ್ರು ಹೇಳಿದ ಎರಡು ಮಿಲಿಮೀಟರ್ ಅಲ್ಲೇ ಇದೆ!

ಇದರಿಂದ ಬೆಲೆ ಇಳಿಯುತ್ತಾ ಅಣ್ಣಾ?

ಹೊಳಲ್ಕೆರೆ ಮೇಷ್ಟ್ರು

ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗೆ ಈ ಲೆಕ್ಕವನ್ನ ನಾಳೆಯೇ ಹೇಳಿಕೊಡ್ತೀನಿ. ಫೋಟೋ ಬಳಸಿಕೊಳ್ಳಲಾ?

ವಿದ್ಯಾನಗರದ ಗಡಿಯಾರದವನು

ಸ್ವಲ್ಪ ಇಳಿಯುತ್ತೆ, ಬಹಳ ಇಲ್ಲ. ಯಾವಾಗಲೋ ರಿಪೇರಿಗೆ ಕೊಟ್ಟಾಗ ಅದಲು ಬದಲು ಆಗಿರಬೇಕು. ಮಾರುವಾಗ ಕೊಳ್ಳುವವರಿಗೆ ಇದನ್ನ ಮುಚ್ಚಿಡಬೇಡಿ. 20,000ದ ಒಳಗೆ ಅಂತ ಇಟ್ಟುಕೊಳ್ಳಿ. ಗುಂಡಿನ ಕೆಳಗೆ ಸಣ್ಣ ತಿರುಪು ಇದೆಯಲ್ಲ, ಅದನ್ನ ತಿರುಗಿಸಿ ಗುಂಡನ್ನ ಮೇಲೇರಿಸಿ. ಹತ್ತು ನಿಮಿಷದಷ್ಟು ದೊಡ್ಡ ವ್ಯತ್ಯಾಸಕ್ಕೆ ಅದೇ ದಾರಿ. ಉಳಿದ ಒಂದೆರಡು ನಿಮಿಷಕ್ಕೆ ಹನ್ನೆರಡರ ಹತ್ತಿರದ ತೂತು.

ಚೌಕಿಪೇಟೆ ಮೊಮ್ಮಗ

ಮೇಷ್ಟ್ರೇ, ಖಂಡಿತ ಬಳಸಿಕೊಳ್ಳಿ. ಇವತ್ತು ಈ ಚರ್ಚೆ ಪೂರ್ತಿ ಚಿಕ್ಕಪ್ಪನಿಗೆ ಓದಿ ಹೇಳಿದೆ. ಗಡಿಯಾರಕ್ಕೆ 18,000 ಅಂತ ಬೆಲೆ ಕಟ್ಟಿ ನನ್ನ ಪಾಲಿಗೆ ಹಾಕೋಕೆ ಒಪ್ಪಿದರು. ಅಜ್ಜನ ಲೆಕ್ಕದ ಪುಸ್ತಕಗಳ ಗಂಟು ಅಟ್ಟದ ಮೇಲಿದೆಯಂತೆ, ಇಳಿಸಿಕೊಡ್ತೀನಿ ಅಂದಿದ್ದಾರೆ. ಹರಿಹರದ ಅಣ್ಣಾ, ತಿರುಪು ತುಕ್ಕು ಹಿಡಿದು ತಿರುಗುತ್ತಿಲ್ಲ. ಎಡಗಡೆಯ ಕೀ ತೂತೂ ಸವೆದ ಹಾಗಿದೆ. ನಿಮ್ಮ ಹತ್ತಿರ ತರಬಹುದಾ?

ಹರಿಹರ ಲೇತ್

ಭಾನುವಾರ ತನ್ನಿ. ತಿರುಪನ್ನ ಇಕ್ಕಳ ಹಾಕಿ ತಿರುಗಿಸಬೇಡಿ, ಸರಳು ತಿರುಚಿಕೊಳ್ಳುತ್ತೆ. ಮೊದಲು ಪೆಂಡುಲಂ ಕೊಕ್ಕೆಯಿಂದ ಬಿಡಿಸಿ ಬೇರೆ ಬಟ್ಟೆಯಲ್ಲಿ ಸುತ್ತಿ. ಇಲ್ಲದಿದ್ದರೆ ದಾರಿಯಲ್ಲಿ ಕುಲುಕಾಡಿ ಮೇಲಿನ ತೆಳು ಸ್ಪ್ರಿಂಗ್ ಮುರಿಯುತ್ತೆ. ಮಷೀನನ್ನ ನೀವು ಬಿಚ್ಚಬೇಡಿ, ಒಳಗೆ ಸ್ಪ್ರಿಂಗ್ ಬಿಗಿಯಾಗಿ ಸುತ್ತಿರುತ್ತೆ, ಕೈಗೆ ಹೊಡೆಯುತ್ತೆ. ಬೈಕಿನಲ್ಲಿ ತರಬೇಡಿ. ಕಾರಿನಲ್ಲಿ ಹಿಂದಿನ ಸೀಟಿನ ಕೆಳಗೆ ಹಳೇ ಕಂಬಳಿ ಹಾಸಿ ನೆಟ್ಟಗೆ ಇಡಿ. ಎತ್ತುವಾಗ ಮೇಲಿನ ಕಲ್ಲು ಹಿಡಿಯದೆ ತಳಕ್ಕೆ ಕೈಕೊಟ್ಟು ಇಬ್ಬರು ಎತ್ತಿ. ಕೀ ಮರೀಬೇಡಿ, ಎರಡು ತುದಿ ಇರೋದೇ ಬೇಕು.